ದೇವಾಲದ ಚಿನ್ನ ಮತ್ತು ಹಳೆಯ ನಕ್ಷೆಗಳು

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳ ಹಾದಿಯಾಗಿ ಉದಕಮಂಡಲಕ್ಕೆ ಹೋಗುವ ಬಸ್ಸು ಗೂಡಲೂರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪ್ರಯಾಣಿಕರು ಇಳಿದು ಚಹಾ ಕುಡಿದು, ಮುಂದಿನ ಘಾಟಿಯ ತಿರುವುಗಳನ್ನು ನೆನೆದುಕೊಂಡು ಮತ್ತೆ ಹತ್ತುತ್ತಾರೆ. ಅದೇ ಊರಿನಿಂದ ಪಶ್ಚಿಮಕ್ಕೆ ಹೊರಡುವ ಇನ್ನೊಂದು ರಸ್ತೆಯ ಕಡೆ ನಮ್ಮವರ ಗಮನ ಹೋಗುವುದು ಅಪರೂಪ. ಆ ರಸ್ತೆ ನಾಡುಗಾಣಿ, ದೇವಾಲ, ಪಂದಲೂರುಗಳ ಮೂಲಕ ವಯನಾಡಿಗೆ ಇಳಿಯುತ್ತದೆ. ಇಕ್ಕೆಲಗಳಲ್ಲಿ ಚಹಾ ತೋಟ, ನಡುನಡುವೆ ಶೋಲೆ ಕಾಡು, ವರ್ಷದ ಅರ್ಧ ಭಾಗ ಮಳೆ. ನೂರನಲವತ್ತು ವರ್ಷಗಳ ಹಿಂದೆ ಲಂಡನ್ ನಗರದ ಷೇರು ಪೇಟೆಯಲ್ಲಿ ಈ ಊರುಗಳ ಹೆಸರು ದಿನವೂ ಕೇಳಿಬರುತ್ತಿತ್ತೆಂದರೆ ನಂಬುವುದು ಕಷ್ಟ. ಅಲ್ಲಿ ನಿಂತು ನೋಡಿದರೆ ಅದಕ್ಕೆ ಪುರಾವೆಯಾಗಿ ಕಣ್ಣಿಗೆ ಬೀಳುವುದು ಬಹಳ ಕಡಿಮೆ. ಕಾಡು ಎಲ್ಲವನ್ನೂ ಮುಚ್ಚಿದೆ. ಕಾಡು ಬಿಟ್ಟುದನ್ನು ಚಹಾ ಮುಚ್ಚಿದೆ. ಆದರೆ ಸರ್ವೇ ಇಲಾಖೆಯ ಹಳೆಯ ನಕ್ಷೆಯ ಹಾಳೆಯೊಂದನ್ನು ಹೊಸದರ ಪಕ್ಕದಲ್ಲಿಟ್ಟು ತಾಳ್ಮೆಯಿಂದ ಓದಿದರೆ ಮುಚ್ಚಿಹೋದದ್ದರಲ್ಲಿ ಎಷ್ಟೋ ಭಾಗ ಮೇಲೆ ಬರುತ್ತದೆ.

ನಕ್ಷೆಯನ್ನು ಓದುವುದು ಎಂದೆ. ಅದು ಪುಸ್ತಕ ಓದಿದ ಹಾಗೆಯೇ. ಮೊದಲು ಅಕ್ಷರ ಕಲಿಯಬೇಕು. ಭಾರತದ ಸರ್ವೇ ಇಲಾಖೆ ಇಡೀ ದೇಶವನ್ನು ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಉದ್ದದ ಚೌಕಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ಆ ಚೌಕದೊಳಗೆ ಡಿಗ್ರಿಗೊಂದರಂತೆ ಎ ಯಿಂದ ಪಿ ವರೆಗೆ ಹದಿನಾರು ಮನೆಗಳು. ಪ್ರತಿ ಮನೆಯೊಳಗೆ ಮತ್ತೆ ಹದಿನಾರು ಹಾಳೆಗಳು. ಬೆಂಗಳೂರು 57ನೆಯ ಚೌಕದಲ್ಲಿದೆ. ಸಂಡೂರಿನ ಬೆಟ್ಟಗಳು 57 ಎ/12. ಕೋಲಾರದ ಚಿನ್ನದ ಗಣಿಗಳು 57 ಎಲ್ ಮನೆಗೆ ಸೇರುತ್ತವೆ. ನಮ್ಮ ದೇವಾಲ, ಪಂದಲೂರುಗಳು ಬರುವುದು 58 ಎ/7ರಲ್ಲಿ. ಮೊದಲಿಗೆ ಒಂದು ಮೈಲಿಗೆ ಒಂದು ಅಂಗುಲದ ಅಳತೆಯಲ್ಲಿ ಅಚ್ಚಾಗುತ್ತಿದ್ದ ಈ ಹಾಳೆಗಳು 1950ರ ದಶಕದ ಕೊನೆಯಲ್ಲಿ ಮೆಟ್ರಿಕ್ ಪದ್ಧತಿ ಬಂದ ಮೇಲೆ ಐವತ್ತು ಸಾವಿರಕ್ಕೊಂದರ ಅಳತೆಗೆ ತಿರುಗಿದವು. ಹಳೆಯದರಲ್ಲಿ ಎತ್ತರ ಅಡಿಗಳಲ್ಲಿ, ಹೊಸದರಲ್ಲಿ ಮೀಟರುಗಳಲ್ಲಿ. ಇದನ್ನು ಮರೆತು ಎರಡನ್ನೂ ಹೋಲಿಸಹೊರಟವನಿಗೆ ಬೆಟ್ಟವೇ ಕುಸಿದುಹೋದಂತೆ ಕಂಡೀತು!

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಬೆಟ್ಟವನ್ನು ನಕ್ಷೆಯಲ್ಲಿ ತೋರಿಸುತ್ತಿದ್ದ ರೀತಿಯೇ ಬೇರೆ. ಇಳಿಜಾರಿನ ದಿಕ್ಕಿಗೆ ಸಣ್ಣಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯುತ್ತಿದ್ದರು. ಕಡಿದಾದಷ್ಟೂ ಗೆರೆ ದಪ್ಪ. ನೋಡುವುದಕ್ಕೆ ಕಂಬಳಿಹುಳು ಮಲಗಿದ ಹಾಗೆ ಅಂದವಾಗಿರುತ್ತದೆ, ಆದರೆ ಎತ್ತರವೆಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಸಮ ಎತ್ತರದ ಬಿಂದುಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು, ಬಣ್ಣದ ಮುದ್ರಣ ಇವೆಲ್ಲ ವ್ಯವಸ್ಥಿತವಾಗಿ ಬಂದದ್ದು 1905ರಿಂದೀಚಿನ ಹೊಸ ಸರ್ವೇಯ ನಂತರ. ಗಣಿನಾಡನ್ನು ಹುಡುಕುವವನಿಗೆ ಈ ರೇಖೆಗಳೇ ಕಣ್ಣು. ಕಾಡುದಾರಿ ಸಾಮಾನ್ಯವಾಗಿ ಏರುತ್ತದೆ, ಇಳಿಯುತ್ತದೆ, ಹಳ್ಳಿಯಿಂದ ಹಳ್ಳಿಗೆ ಹೋಗುತ್ತದೆ. ಒಂದು ದಾರಿ ಬೆಟ್ಟದ ಸೊಂಟದ ಸುತ್ತ ಒಂದೇ ಎತ್ತರದಲ್ಲಿ ಸಾಗಿ, ಊರೂ ಇಲ್ಲದ ದೇವಸ್ಥಾನವೂ ಇಲ್ಲದ ಕಡೆ ಥಟ್ಟನೆ ನಿಂತುಬಿಟ್ಟರೆ, ಅದನ್ನು ಕಡಿದವರು ಭಾರ ಸಾಗಿಸುವವರು ಎಂದು ಊಹಿಸಬಹುದು. ಆ ದಾರಿಯ ಕೆಳಗೆ ಹತ್ತಿರದಲ್ಲೇ ಹಳ್ಳವಿದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಅದಿರು ಕುಟ್ಟುವ ಯಂತ್ರಕ್ಕೂ ತೊಳೆಯುವುದಕ್ಕೂ ನೀರು ಬೇಕೇ ಬೇಕು.

ಇನ್ನು ಕಥೆಗೆ ಬರೋಣ. ವಯನಾಡಿನ ಆಗ್ನೇಯ ಭಾಗದ ಬೆಟ್ಟಗಳಲ್ಲಿ ಚಿನ್ನವಿದೆಯೆಂಬುದು ಇಂಗ್ಲಿಷರು ಕಂಡುಹಿಡಿದ ವಿಷಯವಲ್ಲ. ಅವರು ಬರುವುದಕ್ಕೆ ಎಷ್ಟೋ ಹಿಂದಿನಿಂದ ಕುರುಂಬರು, ಪಣಿಯರು ಹಳ್ಳಗಳ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. ತೊಳೆಯುವುದಷ್ಟೇ ಅಲ್ಲ, ಬೆಣಚುಕಲ್ಲಿನ ಪದರ ಮೇಲೆ ಕಂಡಲ್ಲೆಲ್ಲ ಅಗೆದು, ಬೆಟ್ಟದೊಳಕ್ಕೆ ಸುರಂಗ ಹೊಡೆದು ಕಲ್ಲನ್ನು ಒಡೆದು ಕುಟ್ಟಿದ್ದರು. ಜಮೀನಿನ ಒಡೆಯರ ಕೈಕೆಳಗೆ ಜೀತದ ಆಳುಗಳಾಗಿ ಈ ಕೆಲಸ ಮಾಡಿದವರೇ ಹೆಚ್ಚು. ಆ ಒಡೆಯರಲ್ಲಿ ಕನ್ನಡ ಸಂಬಂಧವುಳ್ಳವರೂ ಇದ್ದರೆಂಬುದು ನಮಗೆ ಆಸಕ್ತಿಯ ವಿಷಯ: ಪಂದಲೂರಿನ ಬಳಿಯ ನೆಲ್ಲಿಯಾಳದಲ್ಲಿದ್ದ ಅರಸು ಮನೆತನ ಮೈಸೂರು ಸೀಮೆಯಿಂದ ಬಂದ ಕನ್ನಡ ಮನೆತನ. ಕುರುಂಬರಲ್ಲಿ ಜೇನುಕುರುಬರ, ಬೆಟ್ಟಕುರುಬರ ಮಾತು ಇಂದಿಗೂ ಕನ್ನಡಕ್ಕೆ ಹತ್ತಿರದ್ದು. ಇದೇ ಪ್ರದೇಶದ ಹಾಳೆಗಳಲ್ಲಿ ಮಸಿನಗುಡಿಯಂತಹ ಹೆಸರುಗಳನ್ನು ಓದುವಾಗ ನಮಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ.

1875ರಲ್ಲಿ ಭೂವಿಜ್ಞಾನ ಇಲಾಖೆಯ ವಿಲಿಯಂ ಕಿಂಗ್ ಇಲ್ಲಿಯ ಚಿನ್ನದ ನೆಲವನ್ನು ಕುರಿತು ಮೊದಲ ಟಿಪ್ಪಣಿ ಪ್ರಕಟಿಸಿದ. ಅದಕ್ಕೆ ಒಂದು ವರ್ಷ ಹಿಂದೆಯೇ ಆಲ್ಫಾ ಎಂಬ ಕಂಪನಿ ದೇವಾಲದಲ್ಲಿ ಕೆಲಸಕ್ಕೆ ಕೈಹಾಕಿತ್ತು. ಈ ಹೊತ್ತಿಗೆ ವಯನಾಡಿನ ಕಾಫಿ ತೋಟಗಳು ರೋಗ ಬಡಿದು ಸೊರಗಿದ್ದವು; ಸಾಲದಲ್ಲಿದ್ದ ತೋಟಗಾರರಿಗೆ ಕಾಲಕೆಳಗಿನ ಬೆಣಚುಕಲ್ಲೇ ದೇವರ ವರದಂತೆ ಕಂಡಿತು. ಸರ್ಕಾರ 1879ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಬ್ರೋ ಸ್ಮಿತ್ ಎಂಬಾತನನ್ನು ಕರೆಸಿತು. ಅವನು ಬೆಟ್ಟಗಳನ್ನು ಸುತ್ತಿ, ಬೆಣಚು ಪದರಗಳನ್ನು ಎಣಿಸಿ, ಕಲ್ಲಿನ ಮಾದರಿಗಳನ್ನು ಪರೀಕ್ಷೆ ಮಾಡಿಸಿ 1880ರಲ್ಲಿ ವರದಿ ಒಪ್ಪಿಸಿದ. ವರದಿ ಬಹಳ ಆಶಾದಾಯಕವಾಗಿತ್ತು. ಲಂಡನ್ನಿನವರಿಗೆ ಅಷ್ಟು ಸಾಕಾಯಿತು. ಎರಡು ವರ್ಷ ತುಂಬುವುದರೊಳಗೆ ಮೂವತ್ತಕ್ಕೂ ಮಿಕ್ಕಿ ಕಂಪನಿಗಳು ಹುಟ್ಟಿಕೊಂಡವು. ಕಾಗದದ ಮೇಲೆ ಅವುಗಳ ಒಟ್ಟು ಬಂಡವಾಳ ನಲವತ್ತು ಲಕ್ಷ ಪೌಂಡನ್ನು ಮೀರಿತ್ತು. ಆ ಹಣದಲ್ಲಿ ಬಹುಪಾಲು ನೆಲದೊಳಗೆ ಇಳಿಯಲೇ ಇಲ್ಲ. ಹಾಳುಬಿದ್ದ ಕಾಫಿ ತೋಟಗಳನ್ನು ಚಿನ್ನದ ನೆಲವೆಂದು ಹೇಳಿ ಕಂಪನಿಗಳಿಗೆ ಮಾರಿದವರ ಜೇಬು ಸೇರಿತು.

ಪಂದಲೂರು ಕಾಡಿನ ನಡುವೆ ದಿಢೀರನೆ ಪಟ್ಟಣವಾಯಿತು. ಅಂಗಡಿಗಳು, ಹೋಟೆಲು, ಸಾಹೇಬರ ಬಂಗಲೆಗಳು, ಕುದುರೆ ಪಂದ್ಯಕ್ಕೊಂದು ಮೈದಾನ ಎಲ್ಲವೂ ಬಂದವು. ಭಾರಿ ಯಂತ್ರಗಳನ್ನು ಇಂಗ್ಲೆಂಡಿನಿಂದ ಹಡಗಿನಲ್ಲಿ ಮಲಬಾರಿನ ಕರಾವಳಿಗೆ ತಂದು, ನಿಲಂಬೂರಿನ ಕಡೆಯಿಂದ ಕಾರ್ಕೂರು ಘಾಟಿಯ ಮೇಲೆ ಎಳೆದು ತಂದರು. ಹಳೆಯ ಹಾಳೆಯಲ್ಲಿ ಆ ಘಾಟಿಯನ್ನು ನೋಡಬೇಕು! ಸಮೋನ್ನತಿ ರೇಖೆಗಳು ಒಂದರ ಮೇಲೊಂದು ಬಿದ್ದು ಕಂದು ಬಣ್ಣದ ಮಸಿಯೇ ಚೆಲ್ಲಿದಂತಿರುವ ಜಾಗದಲ್ಲಿ ದಾರಿ ಹಾವಿನಂತೆ ಹೊರಳಿ ನಾಡುಗಾಣಿಗೆ ಏರುತ್ತದೆ. ಆ ದಾರಿಯಲ್ಲಿ ಎತ್ತುಗಳೂ ಆಳುಗಳೂ ಕಬ್ಬಿಣದ ಬಾಯ್ಲರುಗಳನ್ನು ಮಳೆಯಲ್ಲಿ ಎಳೆದದ್ದನ್ನು ಕಂಪನಿಗಳ ವಾರ್ಷಿಕ ವರದಿಯಲ್ಲಿ ಹುಡುಕಿದರೆ ಸಾಗಣೆ ವೆಚ್ಚ ಎಂಬ ಎರಡು ಪದಗಳು ಸಿಕ್ಕಾವು. ಶ್ರಮದ ಅಂದಾಜು ಬೇಕಾದವರು ನಕ್ಷೆಯ ಮೇಲೆ ಆ ರೇಖೆಗಳನ್ನು ಎಣಿಸಬೇಕು.

ಯಂತ್ರಗಳು ಕೆಲಸ ಆರಂಭಿಸಿದಾಗ ಗುಟ್ಟು ಬಯಲಾಯಿತು. ಕುಟ್ಟಿದ ಕಲ್ಲಿನಲ್ಲಿ ಚಿನ್ನವಿತ್ತು ನಿಜ, ಆದರೆ ಖರ್ಚು ಗಿಟ್ಟುವಷ್ಟು ಇರಲಿಲ್ಲ. 1882ರ ಹೊತ್ತಿಗೆ ಷೇರುಗಳು ನೆಲ ಕಚ್ಚಿದವು. ಒಂದೊಂದಾಗಿ ಕಂಪನಿಗಳು ಬಾಗಿಲು ಹಾಕಿದವು. ಯಂತ್ರಗಳು ಕಾಡಿನಲ್ಲಿ ತುಕ್ಕು ಹಿಡಿದು ಬಿದ್ದವು. ಕೊನೆಗೆ ಹೇಡನ್ ಮತ್ತು ಹ್ಯಾಚ್ ಎಂಬ ಇಬ್ಬರು ತಜ್ಞರು ಇಡೀ ಪ್ರದೇಶವನ್ನು ಮತ್ತೊಮ್ಮೆ ಪರೀಕ್ಷಿಸಿ, ಇಲ್ಲಿ ಲಾಭದ ಗಣಿಗಾರಿಕೆ ಸಾಧ್ಯವಿಲ್ಲವೆಂದು 1901ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೀರ್ಪುಕೊಟ್ಟರು.

ನನಗೆ ಮುಖ್ಯವಾಗಿ ಕಾಣುವುದು ಇಲ್ಲಿಯ ಒಂದು ವಿಪರ್ಯಾಸ. ಕಂಪನಿಗಳ ಜನ ಚಿನ್ನ ಎಲ್ಲಿದೆಯೆಂದು ಪತ್ತೆಹಚ್ಚಿದ್ದು ಬಹುಮಟ್ಟಿಗೆ ಕುರುಂಬರ ಹಳೆಯ ಅಗೆತಗಳನ್ನು ನೋಡಿ. ಇಷ್ಟೊಂದು ಕಡೆ ಅಗೆದಿದ್ದಾರೆಂದರೆ ಕೆಳಗೆ ಇನ್ನೆಷ್ಟಿರಬೇಡ ಎಂಬುದು ಅವರ ತರ್ಕ. ಅಗೆದವರು ತೆಗೆಯಬೇಕಾದದ್ದನ್ನು ತೆಗೆದೇ ಬಿಟ್ಟುಹೋಗಿರಬಹುದು ಎಂದು ಯೋಚಿಸಿದವರು ಕಡಿಮೆ. ಮಳೆಗೆ ಬಿಸಿಲಿಗೆ ಸಿಕ್ಕು ಶಿಥಿಲವಾದ ಮೇಲ್ಭಾಗದ ಕಲ್ಲಿನಲ್ಲಿ ಚಿನ್ನ ಸುಲಭವಾಗಿ ಬಿಡುತ್ತದೆ; ಮರಿಗೆ, ಸುತ್ತಿಗೆಗಳಿಂದಲೇ ಕುರುಂಬರು ಅದನ್ನು ಮುಗಿಸಿದ್ದರು. ಅವರು ಕೈಬಿಟ್ಟ ಕಲ್ಲಿನ ಮೇಲೆ ಲಂಡನ್ನಿನ ಜನ ಹಣ ಸುರಿದರು. ಅಕ್ಷರ ಬಾರದವನ ನೆಲದ ಜ್ಞಾನವನ್ನು ವರದಿ ಬರೆಯುವವನು ಅರ್ಧ ಮಾತ್ರ ಕೇಳಿಸಿಕೊಂಡದ್ದರ ಬೆಲೆ ಇದು.

ವಯನಾಡಿನ ಈ ಸೋಲಿಗೂ ನಮ್ಮ ಕೋಲಾರದ ಗೆಲುವಿಗೂ ಹತ್ತಿರದ ಸಂಬಂಧವಿದೆ. ಕೋಲಾರದ ಕಥೆಯೂ ಆರಂಭವಾಗುವುದು ನಕ್ಷೆ ಬರೆಯುವವನಿಂದಲೇ. ಟಿಪ್ಪುವಿನ ಪತನದ ನಂತರ ಕಾಲಿನ್ ಮೆಕೆಂಜಿ ಮೈಸೂರು ರಾಜ್ಯದ ಸರ್ವೇಗೆ ತೊಡಗಿದ್ದ ಕಾಲದಲ್ಲಿ, 1802ರಲ್ಲಿ, ಜಾನ್ ವಾರನ್ ಎಂಬ ಲೆಫ್ಟಿನೆಂಟು ರಾಜ್ಯದ ಪೂರ್ವದ ಗಡಿಯನ್ನು ಅಳೆಯುತ್ತಿದ್ದ. ಆ ನೆಲದಲ್ಲಿ ಚಿನ್ನ ಸಿಗುತ್ತದೆಂಬ ಮಾತು ಅವನ ಕಿವಿಗೆ ಬಿತ್ತು. ಬಹುಮಾನ ಕೊಡುವೆನೆಂದಾಗ ಹಳ್ಳಿಗರು ಮಣ್ಣು ತಂದು ಅವನೆದುರಿನಲ್ಲೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಗಡಿಯ ಗೆರೆ ಎಳೆಯಲು ಬಂದವನು ಬಿಟ್ಟುಹೋದ ಆ ಬರವಣಿಗೆಯನ್ನು ಹಿಡಿದುಕೊಂಡೇ ಮುಂದೆ, 1870ರ ದಶಕದಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಗಣಿಯ ಪರವಾನಗಿಗೆ ಅರ್ಜಿ ಹಾಕಿದ್ದು. ವಯನಾಡಿನ ಚಿನ್ನದ ಹುಚ್ಚು ಏರಿದ್ದ 1880ರಲ್ಲೇ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಅದೂ ಕೈಯಲ್ಲಿದ್ದ ಹಣ ಕರಗಿ ಮುಚ್ಚುವ ಹಂತಕ್ಕೆ ಬಂದಿತ್ತು. ಉಳಿದ ಅಲ್ಪಸ್ವಲ್ಪದಲ್ಲಿ ಕೊನೆಯ ಯತ್ನವೆಂದು ಜಾನ್ ಟೇಲರ್ ಸಂಸ್ಥೆಯವರು ಕ್ಯಾಪ್ಟನ್ ಪ್ಲಮರ್ ಎಂಬ ಗಣಿಗಾರನನ್ನು ಕಳುಹಿಸಿದರು. ಅವನೂ ಹಳಬರ ಅಗೆತದ ಕೆಳಗೇ ಹೋದ. ಆದರೆ ಅಲ್ಲಿ ಚಾಂಪಿಯನ್ ಪದರ ಸಿಕ್ಕಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿದದ್ದು, 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದ್ದು ಇವೆಲ್ಲ ಓದುಗರಿಗೆ ಗೊತ್ತಿದ್ದದ್ದೇ. ಹಳೆಯ ಅಗೆತದ ಕೆಳಗೆ ಹೋಗಬೇಕು ಎಂಬ ಒಂದೇ ತರ್ಕ ಒಂದು ಕಡೆ ದಿವಾಳಿ ತೆಗೆಸಿತು, ಇನ್ನೊಂದು ಕಡೆ ಒಂದು ನಗರವನ್ನೇ ಕಟ್ಟಿತು. ವಿದ್ಯೆಯೆನ್ನೋಣವೋ ಅದೃಷ್ಟವೆನ್ನೋಣವೋ, ಓದುಗರೇ ಹೇಳಲಿ.

ಮತ್ತೆ ದೇವಾಲದ ಹಾಳೆಗೆ ಹಿಂದಿರುಗೋಣ. ಈ ಪ್ರದೇಶದ ಹಳೆಯ ದಾಖಲೆಗಳನ್ನು ಹುಡುಕುವವರು ಮೊದಲು ಎಡವುವುದು ಜಿಲ್ಲೆಯ ಹೆಸರಿನಲ್ಲಿ. ಆಗ್ನೇಯ ವಯನಾಡು 1877ರವರೆಗೆ ಮಲಬಾರ್ ಜಿಲ್ಲೆಯ ಭಾಗ; ಆ ವರ್ಷ ಅದನ್ನು ನೀಲಗಿರಿಗೆ ಸೇರಿಸಿದರು. ಆದ್ದರಿಂದ ಹಳೆಯ ಕಾಗದಪತ್ರಗಳು ಒಂದು ಜಿಲ್ಲೆಯ ಕಪಾಟಿನಲ್ಲಿ, ಹೊಸವು ಇನ್ನೊಂದರಲ್ಲಿ. ಊರಿನ ಹೆಸರುಗಳ ಇಂಗ್ಲಿಷ್ ಕಾಗುಣಿತವಂತೂ ಹಾಳೆಯಿಂದ ಹಾಳೆಗೆ ಬದಲಾಗುತ್ತದೆ. ವಯನಾಡನ್ನೇ ಮೂರು ನಾಲ್ಕು ಬಗೆಯಾಗಿ ಬರೆದಿದ್ದಾರೆ. ಕನ್ನಡ ಅಥವಾ ತಮಿಳು ಬಲ್ಲವರು ಬಾಯಿಬಿಟ್ಟು ಓದಿಕೊಂಡರೆ ಈ ತೊಡಕು ತಾನಾಗಿ ಬಿಡುತ್ತದೆ. ದೊಡ್ಡ ದೊಡ್ಡ ವಿದ್ವಾಂಸರಿಗಿಂತ ನಮಗೆ ಇಲ್ಲಿ ಒಂದು ಅನುಕೂಲವಿದೆಯೆಂದು ಹೇಳಿದರೆ ತಪ್ಪಾಗಲಾರದು.

ಹೆಸರುಗಳಲ್ಲಿ ಇನ್ನೊಂದು ಬಗೆಯ ಸಾಕ್ಷಿಯೂ ಅಡಗಿದೆ. ಪಂದಲೂರಿನ ಹತ್ತಿರ ಗ್ಲೆನ್‌ರಾಕ್ ಎಂಬ ತೋಟವಿದೆ. ಸ್ಕಾಟ್ಲೆಂಡಿನ ಯಾರೋ ತೋಟಗಾರ ತನ್ನೂರಿನ ನೆನಪಿಗೆ ಇಟ್ಟ ಹೆಸರಿರಬಹುದು ಎಂದು ದಾರಿಹೋಕರು ತಿಳಿದಾರು. ಆದರೆ ಚಿನ್ನದ ಕಂಪನಿಗಳ ಪಟ್ಟಿಯಲ್ಲಿಯೂ ಗ್ಲೆನ್‌ರಾಕ್ ಇದೆ. ಕಂಪನಿ ಸತ್ತರೂ ಹೆಸರು ಗಿಡದ ಮೇಲೆ ಬದುಕಿಕೊಂಡಿತು. ಹೀಗೆ ತೋಟಗಳ ಹೆಸರುಗಳನ್ನು ಹಾಳೆಯಿಂದ ಬರೆದುಕೊಂಡು 1880-82ರ ಕಂಪನಿಗಳ ಪಟ್ಟಿಯ ಜೊತೆ ಹೊಂದಿಸಿ ನೋಡುವುದು ಒಂದು ಭಾನುವಾರಕ್ಕೆ ಸಾಕಾಗುವ ಕೆಲಸ. ಹೊಂದಿದ ಹೆಸರುಗಳ ಸುತ್ತ ಎಲ್ಲಿಗೂ ಹೋಗದ ದಾರಿಗಳಿವೆಯೆ, ಹತ್ತಿರ ಹಳ್ಳವಿದೆಯೆ ಎಂದು ನೋಡುವುದು ಮುಂದಿನ ಭಾನುವಾರಕ್ಕೆ. ಹಳೆಯ ಹಾಳೆಯಲ್ಲಿದ್ದು ಹೊಸದರಲ್ಲಿ ಮಾಯವಾದ ದಾರಿಗಳ ಮೇಲೆ ವಿಶೇಷ ಗಮನವಿರಬೇಕು. ಶ್ರೀಲಂಕೆಯಿಂದ 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಮೇರೆಗೆ ಹಿಂದಿರುಗಿದ ತಮಿಳು ಕುಟುಂಬಗಳಿಗಾಗಿ ಸರ್ಕಾರ ಇಲ್ಲಿ ಹೊಸ ಚಹಾ ತೋಟಗಳನ್ನು ಬೆಳೆಸಿದ್ದರಿಂದ ನೆಲದ ಚಹರೆಯೇ ಬದಲಾಗಿದೆ. ಹೊಸ ಹಾಳೆಯ ಲೈನುಮನೆಗಳು, ತೋಟದ ರಸ್ತೆಗಳು ಆ ಕಾಲದವು. ಅವನ್ನು ಗಣಿಯ ಕುರುಹೆಂದು ಎಣಿಸಬಾರದು.

ಇಷ್ಟಾದರೂ ನಕ್ಷೆಗೆ ಒಂದು ದೊಡ್ಡ ಮಿತಿಯಿದೆ. ಗಣಿಗೆ ಸರ್ವೇ ನಕ್ಷೆಗಳಲ್ಲಿ ಗುರುತುಂಟು, ಆದರೆ ಪ್ರತಿಯೊಂದು ಬಾವಿಗೂ ಅಲ್ಲ. ಲೆಕ್ಕ ಹಾಕಿ ನೋಡಿ: ಆರು ಅಡಿ ಅಗಲದ ಒಂದು ಗಣಿ ಬಾವಿ ಮೈಲಿಗೊಂದು ಅಂಗುಲದ ಹಾಳೆಯಲ್ಲಿ ಒಂದು ಅಂಗುಲದ ಸಾವಿರದ ಒಂದು ಭಾಗದಷ್ಟಾಗುತ್ತದೆ. ಸೂಜಿಯ ಮೊನೆಗೂ ಅದು ಸಿಕ್ಕದು. ಕುರುಂಬರ ಅಗೆತಗಳೂ ಕಂಪನಿಗಳು ತೋಡಿ ಬಿಟ್ಟ ಬಾವಿಗಳೂ ಸುರಂಗಗಳೂ ಎಲ್ಲಿ ಎಷ್ಟಿವೆಯೆಂಬುದು ಹಾಳೆಯಿಂದ ತಿಳಿಯುವುದಿಲ್ಲ. ಅವು ಇರಬಹುದಾದ ಜಾಗಗಳು ಮಾತ್ರ ತಿಳಿಯುತ್ತವೆ. ಭೂವಿಜ್ಞಾನ ಇಲಾಖೆಯ ವರದಿಗಳನ್ನೂ ಕಂದಾಯ ಇಲಾಖೆಯ ದೊಡ್ಡ ಅಳತೆಯ ನಕ್ಷೆಗಳನ್ನೂ ಪಕ್ಕದಲ್ಲಿಟ್ಟುಕೊಂಡರೆ ಜಾಗ ಇನ್ನಷ್ಟು ಖಚಿತವಾಗುತ್ತದೆ.

ಇದು ಬರಿಯ ಹಳೆಯ ಸಾಮಾನು ಹುಡುಕುವವರ ಹವ್ಯಾಸದ ಮಾತಲ್ಲ. ದೇವಾಲದ ಸುತ್ತಮುತ್ತ ಇಂದಿಗೂ ಬಡವರು ಕಾನೂನಿಗೆ ಕಣ್ಣು ತಪ್ಪಿಸಿ ಹಳೆಯ ಸುರಂಗಗಳೊಳಗೆ ಇಳಿಯುತ್ತಾರೆ. ತೋಟದ ಕೂಲಿ ಸಾಲದೆ ಹೋದಾಗ ಬೆಣಚುಕಲ್ಲನ್ನು ಒಡೆದು, ಕುಟ್ಟಿ, ಪಾದರಸದಲ್ಲಿ ಬೆರೆಸಿ ಗುಂಜಿಯಷ್ಟು ಚಿನ್ನ ತೆಗೆಯುವ ಆಸೆ. ಮಳೆ ನೆನೆದ ಮಣ್ಣು ಕುಸಿದು, ಒಳಗಿನ ಕೆಟ್ಟ ಗಾಳಿಗೆ ಉಸಿರುಕಟ್ಟಿ ಸತ್ತವರಿದ್ದಾರೆ. ಅಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅದನ್ನು ಅಕ್ರಮ ಗಣಿಗಾರಿಕೆ ಎಂಬ ತಲೆಬರಹದ ಕೆಳಗೆ ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ. ಆ ಬಾವಿಯನ್ನು ತೋಡಿ, ಮುಚ್ಚದೆ ಬಿಟ್ಟುಹೋದ ಕಂಪನಿಯ ಷೇರುದಾರರು ಯಾವ ಶತಮಾನದಲ್ಲಿದ್ದರು ಎಂಬುದು ಆ ನಾಲ್ಕು ಸಾಲಿನಲ್ಲಿ ಬರುವುದಿಲ್ಲ.

ನಮ್ಮ ದೇಶದಲ್ಲಿ ಸರ್ವೇ ನಕ್ಷೆಗಳು ಬಹುಕಾಲ ಸಾಮಾನ್ಯರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಗಡಿ ಮತ್ತು ಕರಾವಳಿಗೆ ಹತ್ತಿರದ ಹಾಳೆಗಳ ಮೇಲೆ ನಿರ್ಬಂಧವಿತ್ತು. ಅರ್ಜಿ, ಶಿಫಾರಸು, ಕಾಯುವಿಕೆ. 2005ರ ರಾಷ್ಟ್ರೀಯ ನಕ್ಷಾ ನೀತಿ ಜನರ ಬಳಕೆಗೆಂದೇ ಪ್ರತ್ಯೇಕ ಸರಣಿಯೊಂದನ್ನು ತಂದಿತು. 2021ರ ಫೆಬ್ರವರಿಯ ಹೊಸ ಮಾರ್ಗಸೂಚಿ ಕಟ್ಟುಗಳನ್ನು ಇನ್ನಷ್ಟು ಸಡಿಲಿಸಿತು. ಈಗ ಸರ್ವೇ ಇಲಾಖೆಯ ಜಾಲತಾಣದಿಂದಲೇ ಹಾಳೆಗಳನ್ನು ಪಡೆಯಬಹುದು. ಹೊಸ ಸರಣಿಯ ಸಂಖ್ಯಾಕ್ರಮ ಬೇರೆ. 58 ಎ/7 ಎಂದು ಹುಡುಕುವವರು ಹಳೆಯ ಸಂಖ್ಯೆಯೂ ನಮೂದಾಗಿದೆಯೆ ಎಂದು ನೋಡಿಕೊಳ್ಳಬೇಕು. 1950ರ ದಶಕದಲ್ಲಿ ಅಮೆರಿಕದ ಸೈನ್ಯ ಭಾರತದ ಸರ್ವೇಯನ್ನೇ ಆಧರಿಸಿ ಅಚ್ಚುಹಾಕಿದ ಎರಡೂವರೆ ಲಕ್ಷಕ್ಕೊಂದರ ಅಳತೆಯ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ತೆರೆದಿಟ್ಟಿದೆ. ಸೂಕ್ಷ್ಮ ವಿವರ ಅವುಗಳಲ್ಲಿಲ್ಲ, ಆದರೆ ಚಹಾ ಈಗಿನಷ್ಟು ಹಬ್ಬುವ ಮೊದಲಿನ ಬೆಟ್ಟಗಳ ಒಟ್ಟು ನೋಟ ಸಿಗುತ್ತದೆ. ಮದರಾಸಿನಲ್ಲಿರುವವರಿಗೆ ಎಗ್ಮೂರಿನ ರಾಜ್ಯ ಪತ್ರಾಗಾರ ಹತ್ತಿರವೇ ಇದೆ. ಆ ಕಾಲದ ಮದರಾಸು ಸರ್ಕಾರದ ಕಡತಗಳು ಅಲ್ಲಿವೆ.

ಒಂದು ಎಚ್ಚರಿಕೆ ಹೇಳಲೇಬೇಕು. ಹಾಳೆ ಹಿಡಿದು ಬೆಟ್ಟಕ್ಕೆ ಹೋಗುವ ಉತ್ಸಾಹಿಗಳು ರಸ್ತೆಯಿಂದ, ತೋಟದವರ ಒಪ್ಪಿಗೆಯಿದ್ದರೆ ತೋಟದ ದಾರಿಯಿಂದ ನೋಡಿ ತೃಪ್ತರಾಗಬೇಕು. ಕಾಡು ಅರಣ್ಯ ಇಲಾಖೆಯದು, ಆನೆಗಳದೂ ಹೌದು. ಜರಿಗಿಡ, ಲಂಟಾನಗಳು ಬಾವಿಯ ಬಾಯನ್ನು ಪೂರ್ತಿ ಮುಚ್ಚಿರುತ್ತವೆ. ಸುರಂಗದೊಳಗೆ ಕಾಲಿಡುವ ಮಾತಂತೂ ಬೇಡವೇ ಬೇಡ. ಅಲ್ಲಿಯೇ ಹುಟ್ಟಿ ಬೆಳೆದ ಕುರುಂಬ ಮುದುಕರು ಸಿಕ್ಕರೆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟು ಅವರನ್ನು ಕನ್ನಡದಲ್ಲೇ ಮಾತನಾಡಿಸಬಹುದು. ದನ ಕಾಯುವಾಗ ಯಾವ ಯಾವ ಕಡೆ ಹೋಗಬೇಡವೆಂದು ತಮಗೆ ಅಪ್ಪ ಹೇಳುತ್ತಿದ್ದರೆಂದು ಕೇಳಿ, ಆ ಜಾಗಗಳನ್ನು ಆಮೇಲೆ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ.